ವಿಶೇಷ ಶಿಕ್ಷಕರಾಗಬೇಕೇ? ಕೋರ್ಸು, ನೋಂದಣಿ, ಕೆಲಸ, ಮತ್ತೆ ಕೈ ಹಿಂದಕ್ಕೆ ತೆಗೆಯುವ ಅಭ್ಯಾಸ

ನಮ್ಮ ಶಾಲೆಗೆ ಪ್ರಾಕ್ಟಿಕಲ್‌ಗೆ ಬಂದ ಡಿಪ್ಲೊಮಾ ಹುಡುಗಿಯೊಬ್ಬಳು ಮೊದಲ ದಿನ ಊಟದ ಹೊತ್ತಿಗೆ ನಲ್ಲಿಯ ಹತ್ತಿರ ನಿಂತಿದ್ದಳು. ಹದಿನಾಲ್ಕು ವರ್ಷದ ಹುಡುಗನಿಗೆ ತಟ್ಟೆ ತೊಳೆಯುವುದನ್ನು ಕಲಿಸಬೇಕಿತ್ತು. "ನಲ್ಲಿ ತಿರುಗ್ಸು ಪುಟ್ಟಾ. ಹಾಂ, ಈಗ ನಾರು ತಗೋ. ಸೋಪು ಹಚ್ಚು. ಉಜ್ಜು, ಉಜ್ಜು, ಚೆನ್ನಾಗಿ ಉಜ್ಜು." ಬಾಯಿ ಒಂದು ಗಳಿಗೆ ನಿಲ್ಲಲಿಲ್ಲ. ಕೊನೆಗೆ ತಟ್ಟೆಯ ಹಿಂಭಾಗ ತಾನೇ ತೊಳೆದು ಸ್ಟ್ಯಾಂಡಿಗೆ ಇಟ್ಟಳು. ತಟ್ಟೆ ಫಳಫಳ ಅಂತಿತ್ತು. ಹುಡುಗ ಕಲಿತದ್ದು ಮಾತ್ರ ಬೇರೆ: ಅಕ್ಕ ಹೇಳುವ ತನಕ ಸುಮ್ನೆ ನಿಂತಿರಬೇಕು.

ಅವಳನ್ನು ಬೈಯಲು ಮನಸ್ಸಾಗಲಿಲ್ಲ. ಮೊದಲ ವರ್ಷ ನಾನೂ ಹಾಗೇ ಮಾಡಿದವಳು.

ಬೌದ್ಧಿಕ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಕೈ ಚಲನೆ ಹಿಡಿತಕ್ಕೆ ಸಿಗದಿರುವುದು) ಇರುವವರ ಜೊತೆ ಕೆಲಸ ಮಾಡಬೇಕು, ಅದಕ್ಕೆ ಏನು ಓದಬೇಕು ಅಂತ ಫೋನ್ ಮಾಡುವವರು ಈಗ ಜಾಸ್ತಿ. ಪಿಯುಸಿ ಮುಗಿಸಿದವರು, ಬೇರೆ ಕೆಲಸ ಬಿಟ್ಟು ಬರುವವರು, ತಮ್ಮ ಮಗುವಿಗೇ ಆಟಿಸಂ ಇರುವ ಅಮ್ಮಂದಿರು. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೋರ್ಸು, ನೋಂದಣಿ, ಸಂಬಳದ ವಿಷಯ ಎಲ್ಲ ಇದೆ. ಆದರೆ ಹೆಚ್ಚು ಜಾಗ ಕೊಟ್ಟಿರುವುದು ಆ ನಲ್ಲಿಯ ಹತ್ತಿರದ ಕೆಲಸಕ್ಕೇ.

1. ಫೀಸು ಕಟ್ಟುವ ಮುಂಚೆ ಹದಿನೈದು ದಿನ ಹೋಗಿ ಕೂತು ಬನ್ನಿ

ನಿಮ್ಮ ಊರಿನ ಹತ್ತಿರದ ವಿಶೇಷ ಶಾಲೆಗೋ ಡೇ ಕೇರ್ ಕೇಂದ್ರಕ್ಕೋ ಹೋಗಿ, ಎರಡು ವಾರ ಸ್ವಯಂಸೇವಕರಾಗಿ ಬರುತ್ತೇನೆ ಅಂತ ಕೇಳಿ. ಗುರುತಿನ ಚೀಟಿ ತೆಗೆದುಕೊಂಡು ಹೋಗಿ. ಯಾವ ವಿಚಾರಣೆಯೂ ಇಲ್ಲದೆ ನಿಮ್ಮನ್ನು ಮಕ್ಕಳ ಜೊತೆ ಒಬ್ಬರನ್ನೇ ಬಿಡುವ ಜಾಗ ಒಳ್ಳೆಯ ಜಾಗ ಅಲ್ಲ, ಅದನ್ನೂ ಗಮನಿಸಿ.

ಮೊದಲ ಮೂರು ದಿನ ಏನೂ ಮಾಡಬೇಡಿ. ಒಂದು ಮೂಲೆಯಲ್ಲಿ ಕೂತು ನೋಡಿ. ಜೊಲ್ಲು ಒರೆಸಬೇಕಾಗುತ್ತದೆ. ಬಟ್ಟೆಯಲ್ಲೇ ಮೂತ್ರ ಆಗಿರುತ್ತದೆ. ಯಾರೋ ಕೂದಲು ಎಳೆಯುತ್ತಾರೆ. ಒಂದೇ ಪ್ರಶ್ನೆಯನ್ನು ನಲವತ್ತು ಸಲ ಕೇಳುತ್ತಾರೆ. ಇದನ್ನು ನೋಡಿ ಅಸಹ್ಯ ಆಗುತ್ತದೆಯೋ ಇಲ್ಲವೋ ಅನ್ನುವುದಕ್ಕಿಂತ, ನಾಲ್ಕನೇ ದಿನ ಮತ್ತೆ ಹೋಗಬೇಕು ಅನ್ನಿಸುತ್ತದೆಯೇ ನೋಡಿಕೊಳ್ಳಿ. ಅಭ್ಯಾಸ ಇಲ್ಲದವರಿಗೆ ಮೊದಲ ದಿನ ಹೊಟ್ಟೆ ತೊಳಸುವುದು ಸಹಜ.

ಇನ್ನೊಂದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. "ದೇವರ ಮಕ್ಕಳು, ಸೇವೆ ಮಾಡಿದರೆ ಪುಣ್ಯ" ಅಂತ ಬರುವವರು ಆರು ತಿಂಗಳಲ್ಲಿ ಸುಸ್ತಾಗಿ ಹೋಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ದೇವರ ಮಗು ಅಂದುಕೊಂಡವರಿಗೆ ಅದು ಕಚ್ಚಿದಾಗ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಇದು ಕಲಿತು ಮಾಡುವ ಕೆಲಸ. ಬಡಗಿ, ನರ್ಸು, ಮೆಕ್ಯಾನಿಕ್ ಕಲಿಯುವ ಹಾಗೆ.

2. ಯಾರ ಜೊತೆ, ಯಾವ ವಯಸ್ಸಿನವರ ಜೊತೆ ಅಂತ ಯೋಚಿಸಿ

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ 21 ಬಗೆಯ ವೈಕಲ್ಯಗಳಿವೆ. ಅದರಲ್ಲಿ ನಮ್ಮ ಕೆಲಸಕ್ಕೆ ನೇರವಾಗಿ ಬರುವವು ಬೌದ್ಧಿಕ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಕಲಿಕಾ ನ್ಯೂನತೆ ಮತ್ತು ಬಹು ವೈಕಲ್ಯ. ಡೌನ್ ಸಿಂಡ್ರೋಮ್ ಇರುವವರು ಸಾಮಾನ್ಯವಾಗಿ ಬೌದ್ಧಿಕ ನ್ಯೂನತೆಯ ಗುಂಪಿನಲ್ಲಿ ಬರುತ್ತಾರೆ.

ಎಲ್ಲರೂ ಮಕ್ಕಳ ಕಡೆಗೇ ಓಡುತ್ತಾರೆ. ಮಕ್ಕಳು ಮುದ್ದು, ಬೇಗ ಬದಲಾಗುತ್ತಾರೆ, ಅಪ್ಪ ಅಮ್ಮ ಆಸೆಯಿಂದ ಕರೆದುಕೊಂಡು ಬರುತ್ತಾರೆ. ಆದರೆ ಆ ಮಕ್ಕಳೇ ಹದಿನೆಂಟು ದಾಟುತ್ತಾರಲ್ಲ? ಶಾಲೆ ಮುಗಿದ ಮೇಲೆ ಮನೆಯಲ್ಲೇ ಟಿವಿ ಮುಂದೆ ಕೂತಿರುವ ಇಪ್ಪತ್ತೈದು, ಮೂವತ್ತೈದು ವರ್ಷದವರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಅವರಿಗೆ ಅಡಿಗೆ, ಬಸ್ ಪ್ರಯಾಣ, ದುಡ್ಡು ಎಣಿಸುವುದು, ಪ್ಯಾಕಿಂಗ್ ಕೆಲಸ ಕಲಿಸುವವರು ಬಹಳ ಕಡಿಮೆ. ವೃತ್ತಿ ತರಬೇತಿಯ ಕಡೆ ಹೋಗಲು ನಿಮಗೆ ಮನಸ್ಸಿದ್ದರೆ ಅಲ್ಲಿ ಜಾಗ ಇದೆ.

ಅಂಥವರ ಜೊತೆ ಮಾತು ಶುರು ಮಾಡುವಾಗ ಕನ್ನಡದಲ್ಲೇ ಒಂದು ಪರೀಕ್ಷೆ ಇದೆ. ಮೂವತ್ತೆರಡು ವರ್ಷದ ಗಂಡಸನ್ನು ನೀವು "ಪುಟ್ಟಾ, ಮಮ್ಮು ತಿಂದ್ಯಾ?" ಅಂತ ಕೇಳುತ್ತೀರೋ, "ಊಟ ಆಯ್ತಾ?" ಅಂತ ಕೇಳುತ್ತೀರೋ? ಅವರ ತಮ್ಮನಿಗೆ "ಬನ್ನಿ ಸರ್, ಕೂತ್ಕೊಳ್ಳಿ" ಅಂದು ಅವರಿಗೆ "ಏಯ್, ಅಲ್ಲಿ ಕೂತ್ಕೋ" ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಮಾತು ಬಾರದವರಿಗೂ ಇದು ಕೇಳುತ್ತದೆ.

3. ಕೋರ್ಸು: ಹೆಸರಿನ ಕೊನೆಯಲ್ಲಿ ಏನಿದೆ ನೋಡಿ

ಭಾರತದಲ್ಲಿ ಈ ಕೆಲಸದ ತರಬೇತಿಯನ್ನು ನಿಯಂತ್ರಿಸುವುದು ಭಾರತೀಯ ಪುನರ್ವಸತಿ ಪರಿಷತ್ತು. ಎಲ್ಲರೂ ಕರೆಯುವುದು ಆರ್.ಸಿ.ಐ. ಅಂತ. ಇದರ ಕಾಯ್ದೆ 1992ರದ್ದು, ಶಾಸನಬದ್ಧ ಸಂಸ್ಥೆ ಆಗಿದ್ದು 1993ರ ಜೂನ್‌ನಲ್ಲಿ. ಆರ್.ಸಿ.ಐ. ಮಾನ್ಯತೆ ಇಲ್ಲದ ಕೋರ್ಸು ಮಾಡಿದರೆ ನಿಮ್ಮ ಹೆಸರು ಅವರ ನೋಂದಣಿ ಪುಸ್ತಕದಲ್ಲಿ ಬರುವುದಿಲ್ಲ. ನೋಂದಣಿ ಇಲ್ಲದೆ ವಿಶೇಷ ಶಿಕ್ಷಕರಾಗಿ ವೃತ್ತಿ ಮಾಡಿದರೆ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ ಕೇಳಿ ನಗು ಬರಬಹುದು. ಕೆಲಸ ಸಿಗದೇ ಇದ್ದಾಗ ನಗು ಬರುವುದಿಲ್ಲ.

ಪಿಯುಸಿ ಆದವರಿಗೆ ಮುಖ್ಯ ದಾರಿ ಎರಡು ವರ್ಷದ ಡಿ.ಎಡ್. ವಿಶೇಷ ಶಿಕ್ಷಣ. ಡಿಗ್ರಿ ಆದವರಿಗೆ ಎರಡು ವರ್ಷದ ಬಿ.ಎಡ್. ವಿಶೇಷ ಶಿಕ್ಷಣ. ಎರಡರಲ್ಲೂ ಹೆಸರಿನ ಕೊನೆಗೆ ಒಂದು ವಿಭಾಗ ಇರುತ್ತದೆ. ಐ.ಡಿ.ಡಿ. ಅಂತ ಇದ್ದರೆ ಬೌದ್ಧಿಕ ಮತ್ತು ಬೆಳವಣಿಗೆಯ ನ್ಯೂನತೆ. ಎಚ್.ಐ. ಇದ್ದರೆ ಶ್ರವಣ ದೋಷ, ವಿ.ಐ. ಇದ್ದರೆ ದೃಷ್ಟಿ ದೋಷ. ಸೀಟು ಸಿಕ್ಕಿತು ಅಂತ ಎಚ್.ಐ.ಗೆ ಸೇರಿ, ಆಮೇಲೆ ಆಟಿಸಂ ಮಕ್ಕಳ ಜೊತೆ ಕೆಲಸ ಬೇಕು ಅನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಈ ಎರಡಕ್ಷರವನ್ನು ಮೊದಲೇ ನೋಡಿ.

ಮೂರರಿಂದ ಆರು ವರ್ಷದ ಮಕ್ಕಳೇ ಇಷ್ಟ ಅನ್ನುವವರಿಗೆ ಆರಂಭಿಕ ಬಾಲ್ಯದ ವಿಶೇಷ ಶಿಕ್ಷಣದ ಒಂದು ವರ್ಷದ ಡಿಪ್ಲೊಮಾ ಇದೆ. ದೊಡ್ಡವರ ಜೊತೆ ಅನ್ನುವವರಿಗೆ ವೃತ್ತಿ ಪುನರ್ವಸತಿಯ ಡಿಪ್ಲೊಮಾ. ಮನೆಯಲ್ಲಿ ಅಥವಾ ವಸತಿ ಕೇಂದ್ರದಲ್ಲಿ ಆರೈಕೆ ಮಾಡುವವರಿಗೆ ಕೇರ್‌ಗಿವರ್ ಕೋರ್ಸುಗಳಿವೆ. ಹಳ್ಳಿಯಲ್ಲೇ ಇದ್ದು ಮನೆ ಮನೆ ಸುತ್ತಿ ಕೆಲಸ ಮಾಡುವವರಿಗೆ ಸಿ.ಬಿ.ಐ.ಡಿ. ಅನ್ನುವ ಆರು ತಿಂಗಳ ಕೋರ್ಸು ಇದೆ. ಇದು 2021ರಲ್ಲಿ ಶುರುವಾಯಿತು, ಆರ್.ಸಿ.ಐ. ಮತ್ತು ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯ ಸೇರಿ ರೂಪಿಸಿದ್ದು. ಇದನ್ನು ಮುಗಿಸಿದವರನ್ನು ದಿವ್ಯಾಂಗ ಮಿತ್ರ ಅನ್ನುತ್ತಾರೆ.

ಮಾತಿನ ತರಬೇತಿ ಇಷ್ಟ ಅಂದರೆ ದಾರಿ ಬೇರೆ. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಆಮೇಲೆ ಬಿ.ಎ.ಎಸ್.ಎಲ್.ಪಿ. ಅನ್ನುವ ವಾಕ್ ಮತ್ತು ಶ್ರವಣದ ಡಿಗ್ರಿ. ನಮ್ಮ ಅದೃಷ್ಟಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಕ್ಯುಪೇಶನಲ್ ಥೆರಪಿ (ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಮತ್ತು ಫಿಸಿಯೋಥೆರಪಿ ಆರ್.ಸಿ.ಐ. ಅಡಿಯಲ್ಲಿ ಬರುವುದಿಲ್ಲ. ಅವಕ್ಕೆ 2021ರ ಬೇರೆ ಕಾಯ್ದೆ ಇದೆ. ಕ್ಲಿನಿಕಲ್ ಸೈಕಾಲಜಿ ಅಂದರೆ ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೂ ಮುಂದೆ ಓದಬೇಕು. ಬೆಂಗಳೂರಿನ ನಿಮ್ಹಾನ್ಸ್ ಹೆಸರು ನೀವು ಕೇಳಿಯೇ ಇರುತ್ತೀರಿ.

ಇನ್ನು ಆನ್‌ಲೈನ್ ಕೋರ್ಸುಗಳು. "ಮೂರು ತಿಂಗಳಲ್ಲಿ ಆಟಿಸಂ ಥೆರಪಿಸ್ಟ್ ಆಗಿ" ಅಂತ ಜಾಹೀರಾತು ಬರುತ್ತಿರುತ್ತದೆ. ವಿಷಯ ತಿಳಿದುಕೊಳ್ಳಲು ಕೆಲವು ಚೆನ್ನಾಗಿರಬಹುದು. ಆದರೆ ಆ ಸರ್ಟಿಫಿಕೇಟು ನೋಂದಣಿಗೆ ಬರುವುದಿಲ್ಲ. "ಅಮೆರಿಕದ ಎ.ಬಿ.ಎ. ಪರೀಕ್ಷೆ ಕಟ್ಟಿಸುತ್ತೇವೆ" ಅಂತ ದುಡ್ಡು ಕೇಳುವವರಿಗೂ ಹುಷಾರು. ಎ.ಬಿ.ಎ. ಅಂದರೆ ವರ್ತನೆಯನ್ನು ವಿಶ್ಲೇಷಿಸಿ ಕಲಿಸುವ ಒಂದು ವಿಧಾನ. ಅದಕ್ಕೆ ಪ್ರಮಾಣಪತ್ರ ಕೊಡುವ ಅಲ್ಲಿನ ಬಿ.ಎ.ಸಿ.ಬಿ. ಮಂಡಳಿ 2023ರಿಂದ ಭಾರತದಲ್ಲಿ ವಾಸ ಇರುವವರ ಹೊಸ ಅರ್ಜಿ ತೆಗೆದುಕೊಳ್ಳುತ್ತಿಲ್ಲ.

4. ಕಾಲೇಜು ಆರಿಸುವಾಗ

ಆರ್.ಸಿ.ಐ. ವೆಬ್‌ಸೈಟಿನಲ್ಲಿ ರಾಜ್ಯವಾರು ಪಟ್ಟಿ ಇದೆ. ನೀವು ಸೇರುವ ಸಂಸ್ಥೆ, ಸೇರುವ ಕೋರ್ಸು, ಸೇರುವ ವರ್ಷ ಮೂರೂ ಆ ಪಟ್ಟಿಯಲ್ಲಿ ಇರಬೇಕು. ಮಾನ್ಯತೆ ಕೊಡುವುದು ಇಂತಿಷ್ಟು ವರ್ಷಕ್ಕೆ ಅಂತ. ಹೋದ ಬ್ಯಾಚಿಗೆ ಇತ್ತು ಅಂದರೆ ಈ ಬ್ಯಾಚಿಗೂ ಇದೆ ಅಂತ ಅಲ್ಲ. ಪ್ರವೇಶದ ನಿಯಮ, ಅಂಕ, ಅರ್ಜಿಯ ಕೊನೆ ದಿನ ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ.

ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರು ಅಂಗವಿಕಲರಿಗಾಗಿ ಶುರು ಮಾಡಿದ ಎ.ಪಿ.ಡಿ. ಸಂಸ್ಥೆ, ಬೌದ್ಧಿಕ ನ್ಯೂನತೆ ಇರುವವರಿಗಾಗಿ ಇರುವ 1960ರ ಎ.ಎಂ.ಸಿ., ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಹಳೆಯ ಹೆಸರುಗಳು. ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ವಿಶೇಷ ಶಾಲೆ ಇದೆ. ಸಿಕಂದರಾಬಾದಿನ ಎನ್.ಐ.ಇ.ಪಿ.ಐ.ಡಿ. ಬೌದ್ಧಿಕ ನ್ಯೂನತೆಗೆ ದೇಶದ ಮುಖ್ಯ ಸಂಸ್ಥೆ, 1984ರದ್ದು. ಚೆನ್ನೈ ಹತ್ತಿರ ಮುಟ್ಟುಕಾಡಿನಲ್ಲಿ ಬಹು ವೈಕಲ್ಯಕ್ಕೆ ಅಂತಲೇ ಇನ್ನೊಂದು ರಾಷ್ಟ್ರೀಯ ಸಂಸ್ಥೆ ಇದೆ. ಇವುಗಳನ್ನೆಲ್ಲ ಒಂದು ಸಲ ನೋಡಿಕೊಂಡು ಬಂದರೂ ಲಾಭವೇ.

ಕಾಲೇಜಿಗೆ ಹೋದಾಗ ಕಟ್ಟಡ ನೋಡಬೇಡಿ, ಪ್ರಾಕ್ಟಿಕಲ್ ಎಲ್ಲಿ ಅಂತ ಕೇಳಿ. ಅದೇ ಆವರಣದಲ್ಲಿ ವಿಶೇಷ ಶಾಲೆ ನಡೆಯುತ್ತಿದ್ದರೆ ಅರ್ಧ ಗೆದ್ದ ಹಾಗೆ. ಪ್ರಾಕ್ಟಿಕಲ್ ಅಂದರೆ ಚಾರ್ಟು ಬರೆದು, ರೆಕಾರ್ಡಿಗೆ ಸಹಿ ಹಾಕಿಸುವುದು ಅಂದುಕೊಂಡಿರುವ ಕಡೆ ಎರಡು ವರ್ಷ ಕಳೆದರೂ ಒಂದು ಮಗುವಿಗೆ ಶರ್ಟು ಹಾಕಿಕೊಳ್ಳಲು ಕಲಿಸಲು ಬರುವುದಿಲ್ಲ.

5. ನಿಜವಾಗಿ ಕಲಿಯಬೇಕಾದ್ದು

ಇಲ್ಲಿಂದ ಮುಂದೆ ನಿಧಾನವಾಗಿ ಓದಿ.

ಮೊದಲನೆಯದು ನೋಡುವುದು, ನೋಡಿದ್ದನ್ನು ಇದ್ದ ಹಾಗೆ ಬರೆಯುವುದು. "ಹಠ ಮಾರಿ", "ಸೋಮಾರಿ", "ಗಮನ ಇಲ್ಲ" ಇವು ನೋಡಿದ್ದಲ್ಲ, ನಮ್ಮ ತೀರ್ಪು. "ಕುರ್ಚಿಯಲ್ಲಿ ನಾಲ್ಕು ನಿಮಿಷ ಕೂತ, ಫ್ಯಾನು ಹಾಕಿದ ತಕ್ಷಣ ಎದ್ದ" ಇದು ನೋಡಿದ್ದು. ಕೋರ್ಸಿನಲ್ಲಿ ನಿಮಗೆ ಎಂ.ಡಿ.ಪಿ.ಎಸ್. ಅನ್ನುವ ಪಟ್ಟಿ ಕೊಡುತ್ತಾರೆ. ಊಟ, ಬಟ್ಟೆ, ಶೌಚ, ಮಾತು ಹೀಗೆ 18 ಭಾಗ, ಒಂದೊಂದರಲ್ಲಿ 20 ಕೆಲಸ, ಒಟ್ಟು 360. ಪ್ರತಿಯೊಂದಕ್ಕೂ ಮಾಡುತ್ತಾರೆ, ಮಾಡುವುದಿಲ್ಲ ಅಂತ ಎರಡೇ ಉತ್ತರ. "ಸ್ವಲ್ಪ ಸ್ವಲ್ಪ ಮಾಡ್ತಾನೆ" ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಬೇಜಾರಿನ ಕೆಲಸ ಅನ್ನಿಸಬಹುದು. ಇಡೀ ಕೋರ್ಸಿನಲ್ಲಿ ನನ್ನ ಕಣ್ಣನ್ನು ಪಳಗಿಸಿದ್ದು ಇದೇ.

ಎರಡನೆಯದು ಕೆಲಸವನ್ನು ಬಿಡಿಸುವುದು. ತಟ್ಟೆಗೆ ಬರೋಣ. "ತಟ್ಟೆ ತೊಳಿ" ಅನ್ನುವುದು ನಮಗೆ ಒಂದು ಕೆಲಸ. ಕೂತು ಬರೆದರೆ ಹನ್ನೆರಡು.

ತಟ್ಟೆಯನ್ನು ನಲ್ಲಿಯ ಹತ್ತಿರ ತರುವುದು. ಕರಿಬೇವು, ನಿಂಬೆಹೋಳು ಬಕೆಟ್ಟಿಗೆ ಬಳಿಯುವುದು. ನಲ್ಲಿ ತಿರುಗಿಸುವುದು. ತಟ್ಟೆ ಒದ್ದೆ ಮಾಡುವುದು. ನಲ್ಲಿ ನಿಲ್ಲಿಸುವುದು. ನಾರು ಎತ್ತಿಕೊಳ್ಳುವುದು. ಸೋಪಿಗೆ ಉಜ್ಜುವುದು. ತಟ್ಟೆಯ ಒಳಗೆ ಉಜ್ಜುವುದು. ತಿರುಗಿಸಿ ಹಿಂದೆ ಉಜ್ಜುವುದು. ಮತ್ತೆ ನಲ್ಲಿ ಬಿಟ್ಟು ಸೋಪು ಹೋಗುವ ತನಕ ತೊಳೆಯುವುದು. ನಲ್ಲಿ ನಿಲ್ಲಿಸುವುದು. ಸ್ಟ್ಯಾಂಡಿನಲ್ಲಿ ಇಡುವುದು.

ಮೊದಲ ದಿನ ಕಲಿಸಬೇಡಿ, ಸುಮ್ನೆ ನೋಡಿ. ಈ ಹುಡುಗ ಎಷ್ಟನ್ನು ತಾನೇ ಮಾಡುತ್ತಾನೆ? ನಮ್ಮ ಹುಡುಗ ಏಳು ಹಂತ ಆಗಲೇ ಮಾಡುತ್ತಿದ್ದ. ಅವನು ಸಿಕ್ಕಿಹಾಕಿಕೊಳ್ಳುತ್ತಿದ್ದದ್ದು ನಲ್ಲಿ ನಿಲ್ಲಿಸುವಲ್ಲಿ. ಯಾಕೆ ಅಂದರೆ ಆ ನಲ್ಲಿ ಬಿಗಿ ಇತ್ತು, ಸೋಪಿನ ಕೈ ಜಾರುತ್ತಿತ್ತು. ಪ್ಲಂಬರ್ ಕರೆಸಿ ಉದ್ದ ಹಿಡಿಯ ನಲ್ಲಿ ಹಾಕಿಸಿದೆವು. ಒಂದು ಹಂತ ಹೀಗೆ ಪಾಠವೇ ಇಲ್ಲದೆ ಮುಗಿಯಿತು.

ಉಳಿದದ್ದಕ್ಕೆ ಸುಳಿವು ಕೊಡಬೇಕು. ಸುಳಿವಿನಲ್ಲಿ ಮೆಟ್ಟಿಲುಗಳಿವೆ: ಕೈ ಹಿಡಿದು ಮಾಡಿಸುವುದು, ಮೊಣಕೈ ಮುಟ್ಟುವುದು, ಬೆರಳು ತೋರಿಸುವುದು, ಮಾತಿನಲ್ಲಿ ಹೇಳುವುದು. ಹೊಸಬರಿಗೆ ಮಾತೇ ಎಲ್ಲಕ್ಕಿಂತ ಹಗುರ ಸಹಾಯ ಅನ್ನಿಸುತ್ತದೆ. ಅನುಭವದಲ್ಲಿ ಉಲ್ಟಾ. ಮುಟ್ಟಿದ ಕೈಯನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತೆಗೆಯಬಹುದು. ಮಾತನ್ನು ತೆಗೆಯುವುದು ಕಷ್ಟ. "ಉಜ್ಜು" ಅನ್ನುವ ದನಿ ಕೇಳದೆ ಉಜ್ಜಲೇಬಾರದು ಅಂತ ಆಗಿಬಿಡುತ್ತದೆ. ಅದಕ್ಕೇ ಮಗುವಿನ ಹಿಂದೆ ನಿಲ್ಲಿ, ಮುಂದೆ ಅಲ್ಲ. ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲಿ ಒಂದರಿಂದ ಹತ್ತು ಎಣಿಸಿ. ಹತ್ತು ಎಣಿಸುವುದು ಎಷ್ಟು ಉದ್ದ ಅಂತ ಆವತ್ತೇ ಗೊತ್ತಾಗುತ್ತದೆ. ಬಹಳ ಸಲ ಏಳಕ್ಕೋ ಎಂಟಕ್ಕೋ ಅವರ ಕೈ ತಾನೇ ಮುಂದೆ ಬರುತ್ತದೆ. ಬರದಿದ್ದರೆ ಬೆರಳು ತೋರಿಸಿ.

ದಿನದ ಹಾಳೆಯಲ್ಲಿ ಪ್ರತಿ ಹಂತದ ಮುಂದೆ ಒಂದಕ್ಷರ ಬರೆಯಿರಿ. ಸ್ವಂತ ಮಾಡಿದರೆ ಸ್ವ, ಬೆರಳು ತೋರಿಸಿದರೆ ಬೆ, ಮಾತಿಗೆ ಮಾ, ಕೈ ಹಿಡಿದರೆ ಕೈ. ಮೂರು ವಾರದ ಹಾಳೆ ಪಕ್ಕ ಪಕ್ಕ ಇಟ್ಟರೆ ಯಾರಿಗೂ ವಿವರಿಸುವುದೇ ಬೇಡ.

ಕೆಲವು ಕೆಲಸಗಳನ್ನು ಕೊನೆಯಿಂದ ಕಲಿಸಬೇಕು. ಟೀ ಶರ್ಟು ಹಾಕಿಕೊಳ್ಳುವುದು ಅಂಥದ್ದು. ತಲೆ, ಎರಡು ಕೈ ನೀವು ತೂರಿಸಿ, ಎದೆಯ ತನಕ ಇಳಿಸಿ ಬಿಡಿ. ಕೊನೆಯ ಎಳೆತ ಮಾತ್ರ ಮಗುವಿನದ್ದು. ಅದು ಬಂದ ಮೇಲೆ ಒಂದು ಕೈ ತೂರಿಸುವುದನ್ನೂ ಮಗುವಿಗೆ ಬಿಡಿ. ಪ್ರತಿ ಸಲವೂ ಕೆಲಸ ಮುಗಿಸಿದ್ದು ಮಗುವೇ ಆಗುತ್ತದೆ.

ಮೂರನೆಯದು ವರ್ತನೆ. ಕಿರುಚುವುದು, ಕಚ್ಚುವುದು, ತಲೆ ಚಚ್ಚಿಕೊಳ್ಳುವುದು ಬಂದಾಗ ಎಲ್ಲರೂ ಕೇಳುವುದು "ಹೇಗೆ ನಿಲ್ಲಿಸೋದು?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು ಇದಕ್ಕೆ ಮುಂಚೆ ಏನಾಯಿತು, ಆಮೇಲೆ ಏನು ಸಿಕ್ಕಿತು ಅಂತ. ಒಂದು ಪುಟದಲ್ಲಿ ಮೂರು ಗೀಟು: ಮುಂಚೆ, ಆಗ, ಆಮೇಲೆ. ನನ್ನ ಎರಡನೇ ವರ್ಷ ಒಬ್ಬ ಹುಡುಗ ದಿನಾ ಹನ್ನೊಂದು ಗಂಟೆಗೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಗಣಿತ ತಪ್ಪಿಸಿಕೊಳ್ಳಲು ನಾಟಕ ಅಂತ ನಾನು ಗದರಿಸಿದೆ. ನಾಲ್ಕು ದಿನ ಬರೆದ ಮೇಲೆ ಗೊತ್ತಾಯಿತು, ಪಕ್ಕದ ಅಡಿಗೆ ಮನೆಯಲ್ಲಿ ಕುಕ್ಕರ್ ಮೊದಲ ವಿಷಲ್ ಹಾಕುವುದು ಅದೇ ಹೊತ್ತಿಗೆ. ಆಟಿಸಂ ಇರುವ ಕೆಲವರಿಗೆ ಕೆಲವು ಸದ್ದು ಸಹಿಸಲು ಆಗುವುದಿಲ್ಲ ಅಂತ ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಕ್ಲಾಸನ್ನು ಹಿಂದಿನ ಕೋಣೆಗೆ ಬದಲಾಯಿಸಿದೆವು. ಗದರಿಸಿದ್ದಕ್ಕೆ ಅವನ ಹತ್ತಿರ ಕ್ಷಮೆ ಕೇಳಿದೆ. ಅವನಿಗೆ ತಿಳಿಯಿತೋ ಇಲ್ಲವೋ, ನನಗೆ ಬೇಕಿತ್ತು.

ವರ್ತನೆ ದಿಢೀರ್ ಅಂತ ಬದಲಾದರೆ ಮೊದಲು ಹಲ್ಲು, ಕಿವಿ, ಹೊಟ್ಟೆ, ಮುಟ್ಟಿನ ನೋವು ನೋಡಿ. ಮಾತು ಬಾರದವರು ನೋವನ್ನು ಹೀಗೇ ಹೇಳುತ್ತಾರೆ.

ನಾಲ್ಕನೆಯದು ಮಾತಲ್ಲದ ಮಾತು. ಚಿತ್ರದ ಕಾರ್ಡು, ಸನ್ನೆ, ಮೊಬೈಲಿನಲ್ಲಿ ಚಿತ್ರ ಒತ್ತಿದರೆ ಮಾತಾಡುವ ಆ್ಯಪ್ ಎಲ್ಲ ಇವೆ. ಚೆನ್ನೈನವರು ಮಾಡಿದ ಆವಾಜ್ ಅಂಥದ್ದೇ ಒಂದು ಆ್ಯಪ್. ಕಾರ್ಡು ಕೊಟ್ಟರೆ ಮಗು ಮಾತಾಡುವುದನ್ನೇ ಬಿಟ್ಟುಬಿಡುತ್ತದೆ ಅಂತ ಮನೆಯವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕಾರ್ಡು ಮಾಡುವಾಗ ಮನೆಯ ಭಾಷೆ ಕೇಳಿಕೊಳ್ಳಿ. ಮನೆಯಲ್ಲಿ ಉರ್ದು, ತುಳು, ಲಂಬಾಣಿ ಮಾತಾಡುವ ಮಗುವಿಗೆ ಅದರ ಪದವೇ ಮೊದಲು. ಇಂಟರ್‌ನೆಟ್ಟಿನ ಬ್ರೆಡ್ಡು, ಸೇಬಿನ ಚಿತ್ರ ಬೇಡ. ಆ ಮನೆಯ ತಟ್ಟೆಯಲ್ಲಿ ಮುದ್ದೆ ಇದ್ದರೆ ಮುದ್ದೆಯ ಫೋಟೋ ತೆಗೆಯಿರಿ.

6. ಜೀವಕ್ಕೆ ಸಂಬಂಧಿಸಿದ ನಾಲ್ಕು ವಿಷಯ

ಫಿಟ್ಸ್. ನೆಲದ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದ್ದು ಇಡಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಯಾರಾದರೂ ಬೀಗದ ಕೈ ಹಿಡಿದುಕೊಂಡು ಓಡಿ ಬರುತ್ತಾರೆ, ಕಬ್ಬಿಣಕ್ಕೆ ಫಿಟ್ಸ್ ನಿಲ್ಲುವುದಿಲ್ಲ. ಜಗಳ ಆಡಬೇಡಿ, ಅವರನ್ನೇ ಆಟೋ ತರಲು ಕಳಿಸಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ ಆಸ್ಪತ್ರೆ.

ಊಟ. ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಮಲಗಿಸಿ, ತಲೆ ಹಿಂದಕ್ಕೆ ವಾಲಿಸಿ ಉಣಿಸಬೇಡಿ. ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ಬೆನ್ನು ನೇರ, ಗದ್ದ ಸ್ವಲ್ಪ ಕೆಳಗೆ. ನೀವು ನಿಂತು ಉಣಿಸಿದರೆ ಮಗು ತಲೆ ಎತ್ತಲೇಬೇಕಾಗುತ್ತದೆ, ಅದಕ್ಕೆ ನೀವೂ ಕೂತುಕೊಳ್ಳಿ. ಕೆಲವರಿಗೆ ತೆಳ್ಳಗಿನ ನೀರಿಗಿಂತ ಗಟ್ಟಿ ಗಂಜಿ ಸುಲಭ. ಯಾವುದು ಎಷ್ಟು ಅಂತ ಥೆರಪಿಸ್ಟ್ ಹತ್ತಿರ ಕೇಳಿ.

ಕುತ್ತಿಗೆ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕುತ್ತಿಗೆಯ ಮೇಲಿನ ಮೂಳೆಗಳು ಸಡಿಲ ಇರುತ್ತವೆ. ಡಾಕ್ಟರ್ ಸರಿ ಅನ್ನದೆ ಲಾಗ ಹಾಕಿಸಬೇಡಿ.

ಮೈ ಮುಟ್ಟುವುದು. ಶೌಚ, ಸ್ನಾನ, ಬಟ್ಟೆ ಬದಲಾವಣೆಗೆ ಸಹಾಯ ಮಾಡುವಾಗ ಪ್ರತಿ ಸಲ ಹೇಳಿ, ಕೇಳಿ ಮುಟ್ಟಿ. ಬಾಗಿಲು, ಪರದೆ ಇರಲಿ. ಹದಿನೆಂಟರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನಿಮ್ಮ ಮೇಲೂ ಇರುವ ಕಡ್ಡಾಯ. "ಸಂಸ್ಥೆಯ ಮರ್ಯಾದೆ" ಅನ್ನುವ ಮಾತಿಗೆ ಅಲ್ಲಿ ಜಾಗ ಇಲ್ಲ. ಮಕ್ಕಳ ಸಹಾಯವಾಣಿ 1098 ನೆನಪಿರಲಿ.

7. ಮನೆಯವರ ಜೊತೆ

ಮೊದಲ ಭೇಟಿಯಲ್ಲೇ ಸಲಹೆ ಕೊಡಬೇಡಿ. ಆ ಅಮ್ಮ ಆಗಲೇ ಆಸ್ಪತ್ರೆ, ದೇವಸ್ಥಾನ, ದರ್ಗಾ, ನಾಟಿ ಔಷಧಿ ಎಲ್ಲ ಮುಗಿಸಿ ಬಂದಿರುತ್ತಾರೆ. "ನೀವು ಇಷ್ಟು ದಿನ ಏನು ಮಾಡ್ತಿದ್ರಿ?" ಅಂತ ಕೇಳಿದರೆ ಮತ್ತೆ ಬರುವುದಿಲ್ಲ. "ಬೆಳಿಗ್ಗೆ ಎದ್ದ ಮೇಲೆ ಏನೇನು ಆಗುತ್ತೆ, ಹೇಳೀಮ್ಮಾ" ಅಂತ ಕೇಳಿ ಸುಮ್ಮನಿರಿ. ನಿಮ್ಮ ಯೋಜನೆಗೆ ಬೇಕಾದ್ದೆಲ್ಲ ಆ ಅರ್ಧ ಗಂಟೆಯಲ್ಲಿ ಬರುತ್ತದೆ.

ಗುರಿ ಇಡುವಾಗ ಅವರಿಗೆ ಬೇಕಾದ್ದನ್ನು ಇಡಿ. ನೀವು ಬಣ್ಣ ಗುರುತಿಸುವುದು ಅಂತ ಬರೆದಿರುತ್ತೀರಿ. ಅವರಿಗೆ ಬೇಕಿರುವುದು ರಾತ್ರಿ ಹಾಸಿಗೆ ಒದ್ದೆ ಆಗದಿರುವುದು.

ಕೆಲವು ಸರ್ಕಾರಿ ವಿಷಯ ನಿಮಗೆ ಬಾಯಿಗೆ ಬರಬೇಕು. ಯು.ಡಿ.ಐ.ಡಿ. ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸುವುದು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ, ಒಂದು ಲಕ್ಷ ರೂಪಾಯಿವರೆಗೆ. ನಲವತ್ತು ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕು. ಹದಿನೆಂಟಾದ ಮೇಲೆ ಕಾನೂನುಬದ್ಧ ಪಾಲಕರಾಗಲು ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ. ಹಳ್ಳಿಯ ಮನೆಗಳಿಗೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿ.ಆರ್.ಡಬ್ಲ್ಯು.ಗಳನ್ನು ಪರಿಚಯ ಮಾಡಿಸಿ. ಅವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು. ಯಾವ ಅರ್ಜಿ ಯಾವ ಟೇಬಲ್ಲಿನಲ್ಲಿ ನಿಂತಿದೆ ಅಂತ ಅವರಿಗೆ ಗೊತ್ತಿರುತ್ತದೆ.

8. ನೋಂದಣಿ, ಕೆಲಸ, ಸಂಬಳ

ಫಲಿತಾಂಶ ಬಂದ ಕೂಡಲೇ ಆರ್.ಸಿ.ಐ.ಗೆ ಆನ್‌ಲೈನ್ ಅರ್ಜಿ ಹಾಕಿ ಸಿ.ಆರ್.ಆರ್. ನಂಬರ್, ಅಂದರೆ ನೋಂದಣಿ ಸಂಖ್ಯೆ ಪಡೆಯಿರಿ. ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಸಿ.ಆರ್.ಇ. ಅನ್ನುವ ಮುಂದುವರಿದ ಕಲಿಕೆಯ ಕಾರ್ಯಾಗಾರಗಳ ಅಂಕ ಬೇಕು. ಕೊನೆಯ ವರ್ಷಕ್ಕೆ ಇಟ್ಟುಕೊಂಡರೆ ಒದ್ದಾಟ. ಪ್ರಮಾಣಪತ್ರ ಎಲ್ಲ ಒಂದೇ ಫೈಲಿನಲ್ಲಿ ಇಡಿ.

ಕೆಲಸ ಎಲ್ಲಿ? ವಿಶೇಷ ಶಾಲೆಗಳು, ಥೆರಪಿ ಸೆಂಟರ್‌ಗಳು, ಸಾಮಾನ್ಯ ಶಾಲೆಗಳ ರಿಸೋರ್ಸ್ ರೂಮು, ಬೆಂಗಳೂರಿನ ಕಡೆ ಒಂದು ಮಗುವಿನ ಜೊತೆಗೇ ಇರುವ ಶ್ಯಾಡೋ ಟೀಚರ್ ಕೆಲಸ. ಸರ್ಕಾರದ ಕಡೆ ಸಮಗ್ರ ಶಿಕ್ಷಣ ಯೋಜನೆಯ ಬಿ.ಐ.ಇ.ಆರ್.ಟಿ.ಗಳು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಬ್ಲಾಕ್ ಮಟ್ಟದಲ್ಲಿ ಕೆಲಸ ಮಾಡುತ್ತಾರೆ, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತಾರೆ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ವಿಶೇಷ ಅಗತ್ಯ ಇರುವ ಮಕ್ಕಳಲ್ಲಿ ಪ್ರಾಥಮಿಕದಲ್ಲಿ ಹತ್ತು ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಅಂದಿತು. 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಪ್ರಕಟಿಸಿ ಅಂತ ರಾಜ್ಯಗಳಿಗೆ ಮತ್ತೆ ಹೇಳಿತು. ಹಾಗಾಗಿ ನೇಮಕಾತಿ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಿ.

ಸಂಬಳದ ವಿಷಯ ಮುಚ್ಚಿಡುವುದಿಲ್ಲ, ಕಡಿಮೆ. ಅನುದಾನದ ಮೇಲೆ ನಡೆಯುವ ಶಾಲೆಗಳಲ್ಲಿ ಅದೂ ತಡವಾಗಿ ಬರುವುದುಂಟು. ನನಗೆ ಒಂದು ಕಡೆ ನಾಲ್ಕು ತಿಂಗಳ ಬಾಕಿ ಇತ್ತು. ಕೇಳಿದರೆ "ಸೇವಾ ಮನೋಭಾವ ಇರಬೇಕು ಮೇಡಂ" ಅನ್ನುತ್ತಿದ್ದರು. ಮನೆ ಓನರ್ ಹತ್ತಿರ ಆ ಮನೋಭಾವ ನಡೆಯಲಿಲ್ಲ. ಅದಕ್ಕೇ ಸಂದರ್ಶನದಲ್ಲಿ ಅವರು ಕೇಳುವುದು ಮುಗಿದ ಮೇಲೆ ನೀವೂ ಕೇಳಿ. ಇದು ಸಂಬಳವೋ ಗೌರವಧನವೋ? ಪಿ.ಎಫ್., ಇ.ಎಸ್.ಐ. ಇದೆಯಾ? ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಆಯಾ ಇದ್ದಾರಾ? ಮಗು ಕಚ್ಚಿದರೆ, ನನ್ನ ಬೆನ್ನು ಹಿಡಿದುಕೊಂಡರೆ ಖರ್ಚು ಯಾರದ್ದು? ದೊಡ್ಡ ಮಕ್ಕಳನ್ನು ಎತ್ತುವಾಗ ಇಬ್ಬರು ಇರುತ್ತೀರಾ? ಕೊನೆಯದಕ್ಕೆ "ಅಡ್ಜಸ್ಟ್ ಮಾಡ್ಕೋಬೇಕು" ಅಂತ ಉತ್ತರ ಬಂದರೆ, ಎದ್ದು ಬರುವ ಮುಂಚೆ ಅಲ್ಲಿ ಈಗ ಕೆಲಸ ಮಾಡುತ್ತಿರುವ ಒಬ್ಬರ ಹತ್ತಿರ ಐದು ನಿಮಿಷ ಮಾತಾಡಿ, ಅವರ ಸೊಂಟ ಹೇಗಿದೆ ಅಂತ ಕೇಳಿ ಬನ್ನಿ.